ಕರಾವಳಿಯ ಹಳೇ ನಕ್ಷೆ, ನೌಕಾ ಚಾರ್ಟ್ ಸಂಗ್ರಹ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಹಂತ ಹಂತದ ಮಾರ್ಗದರ್ಶಿ

ನಮ್ಮ ಕಡೆ ಹಳೇ ನಕ್ಷೆ ಕೂಡಿಡುವವರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಹಂಪಿಯ ಹುಚ್ಚಿನಿಂದ ಶುರುವಾಗಿ, ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಭಟ್ಕಳ, ಹೊನ್ನಾವರದ ಬಂದರುಗಳ ಕಡೆ ಹೊರಳಿದವರೇ ಜಾಸ್ತಿ. ಅವರು ತಂದು ತೋರಿಸುವ ಹಾಳೆಗಳು ಬೇರೆ ಬೇರೆ, ತಪ್ಪುಗಳು ಮಾತ್ರ ಅವವೇ. 1850ರದ್ದು ಅಂತ ಕೊಂಡ ಚಾರ್ಟ್ 1920ರ ಮುದ್ರಣ ಆಗಿರುತ್ತದೆ. ತಾಮ್ರದ ಅಚ್ಚಿನದು ಅಂದದ್ದು ಯಾವುದೋ ಕ್ಯಾಲೆಂಡರ್‌ನಿಂದ ಹರಿದ ಹಾಳೆ. ಇಲ್ಲವೇ ಅಸಲಿಯನ್ನೇ ತಂದು, ಜೋಪಾನವಾಗಿರಲಿ ಅಂತ ಲ್ಯಾಮಿನೇಶನ್ ಮಾಡಿಸಿಟ್ಟಿರುತ್ತಾರೆ.

ಇದಕ್ಕೆಲ್ಲ ಮೂಲ ಒಂದೇ: ಮೊದಲು ಕೊಂಡು ಆಮೇಲೆ ವಿಚಾರಿಸುವುದು. ಈ ಬರಹದಲ್ಲಿ ಕೊಳ್ಳುವುದು ಐದನೇ ಹಂತ. ಅದಕ್ಕೂ ಮುಂಚಿನ ನಾಲ್ಕನ್ನು ಹಾರಿಸಿ ಅಲ್ಲಿಗೆ ಬಂದರೆ ಪ್ರಯೋಜನವಿಲ್ಲ.

ನಕ್ಷೆ ಮತ್ತು ಚಾರ್ಟ್ ನಡುವೆ ನಾನು ಮಾಡುವ ಫರಕು ಇಷ್ಟು: ನಕ್ಷೆಯಲ್ಲಿ ನೆಲ ಮುಖ್ಯ, ಊರು, ನದಿ, ಗಡಿ ಇರುತ್ತವೆ. ಚಾರ್ಟ್ ಹಡಗಿನವರ ಕಾಗದ. ಅದರಲ್ಲಿ ನೀರಿನ ಆಳ, ಬಂಡೆ, ಲಂಗರು ಹಾಕುವ ಜಾಗ, ದಿಕ್ಸೂಚಿಯ ಚಕ್ರ ಇರುತ್ತವೆ. ನೆಲದ ಭಾಗ ಬಹುಪಾಲು ಖಾಲಿ.

## ಮೊದಲು ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಒಂದು ಬೇಕೇ ಬೇಕು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ. ಬಂಗಾರದ ಕೆಲಸದ ಸಾಮಾನು ಮಾರುವಲ್ಲಿ ಸಿಗುತ್ತದೆ. ಎರಡನೆಯದು ನೋಟು ಪರೀಕ್ಷಿಸುವ ಯುವಿ ಟಾರ್ಚ್. ಮೂರನೆಯದು ಮಿಲಿಮೀಟರ್ ಗುರುತಿರುವ ಉದ್ದನೆ ಸ್ಕೇಲ್ ಅಥವಾ ದರ್ಜಿ ಟೇಪು. ಬರೆಯಲು ಮೆತ್ತನೆಯ ಪೆನ್ಸಿಲ್ ಸಾಕು. ನಕ್ಷೆ ಬಿಚ್ಚಿದ ಕೋಣೆಯಲ್ಲಿ ಪೆನ್ನು, ಚಹಾ, ಎಲೆ ಅಡಿಕೆ ಯಾವುದೂ ಬೇಡ.

ದೊಡ್ಡ ಮೇಜು ಬೇಕು. ಬ್ರಿಟಿಷ್ ಅಡ್ಮಿರಾಲ್ಟಿಯ, ಅಂದರೆ ಅವರ ನೌಕಾಪಡೆಯ ಆಡಳಿತ ಕಚೇರಿಯ, ಪೂರ್ಣ ಅಳತೆಯ ಚಾರ್ಟ್ ಸುಮಾರು 70 ಸೆಂ.ಮೀ. ಅಗಲ, ಒಂದು ಮೀಟರ್ ಉದ್ದ ಇರುತ್ತದೆ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರೆ ಆಯಿತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಗೆಳೆಯರಿದ್ದರೆ ರಜೆಯ ದಿನ ಅವರ ಕಟಿಂಗ್ ಟೇಬಲ್ ಕೇಳಬಹುದು. ಆದರೆ ಮೊದಲು ಚೆನ್ನಾಗಿ ಒರೆಸಿ. ಆ ನೀಲಿ ನೂಲಿನ ಧೂಳು ಹಳೇ ಕಾಗದಕ್ಕೆ ಹತ್ತಿದರೆ ಬಿಡುವುದಿಲ್ಲ.

ಮೂಲೆ ಒತ್ತಿ ಹಿಡಿಯಲು ಸಣ್ಣ ಬಟ್ಟೆ ಚೀಲ ಹೊಲಿಸಿ ಗಾಜಿನ ಗೋಲಿ ತುಂಬಿಸಿ. ಜೋಳ, ಅಕ್ಕಿ ತುಂಬಬೇಡಿ, ಹುಳ ಬೀಳುತ್ತದೆ.

## ಹಂತ 1: ಕರಾವಳಿಯ ಒಂದು ತುಂಡನ್ನು ಆರಿಸಿಕೊಳ್ಳಿ

'ಭಾರತದ ಹಳೇ ನಕ್ಷೆ' ಅಂತ ಹೊರಟವರ ಬಳಿ ಒಂದಕ್ಕೊಂದು ಸಂಬಂಧವಿಲ್ಲದ ಹಾಳೆಗಳ ಕಟ್ಟು ಉಳಿಯುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಸುಮಾರು 300 ಕಿಲೋಮೀಟರ್ ದಂಡೆಯೇ ಒಬ್ಬ ಸಂಗ್ರಾಹಕನಿಗೆ ಜಾಸ್ತಿ. ಒಂದು ಬಂದರು ಹಿಡಿಯಿರಿ, ಇಲ್ಲವೇ ಒಂದು ಕಾಲ, ಇಲ್ಲವೇ ಒಬ್ಬ ತಯಾರಕ. ಹೊನ್ನಾವರ ಒಂದನ್ನೇ ಹಿಡಿದರೆ ಶರಾವತಿಯ ಅಳಿವೆ ಕಾಲದಿಂದ ಕಾಲಕ್ಕೆ ಹೇಗೆ ಬಿಡಿಸಲಾಗಿದೆ ಅಂತ ಹಾಳೆ ಪಕ್ಕ ಹಾಳೆ ಇಟ್ಟು ನೋಡಬಹುದು.

ಬೆಲೆಯಲ್ಲೂ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲಲ್ಲಿ 20ನೇ ಶತಮಾನದ, ಹಡಗಿನಲ್ಲಿ ಬಳಸಿ ತೆಗೆದ ಅಡ್ಮಿರಾಲ್ಟಿ ಚಾರ್ಟ್‌ಗಳು. ಅದರ ಮೇಲೆ 18ನೇ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಜಾಕ್ ನಿಕೋಲಾ ಬೆಲ್ಲಿನ್ ಮಾಡಿದ, ಪುಸ್ತಕದಿಂದ ಬಿಡಿಸಿದ ಸಣ್ಣ ನಕ್ಷೆಗಳು. ಇನ್ನೂ ಮೇಲೆ 19ನೇ ಶತಮಾನದ ಮೊದಲರ್ಧದ ದೊಡ್ಡ ಚಾರ್ಟ್‌ಗಳು, ಫಾನ್ ಕೋಲೆನ್ ಮನೆತನದ ಡಚ್ ಸಮುದ್ರ ಚಾರ್ಟ್‌ಗಳು, 16, 17ನೇ ಶತಮಾನದ ಅಟ್ಲಾಸ್ ತಯಾರಕರಾದ ಆರ್ಟೀಲಿಯಸ್ ಮತ್ತು ಬ್ಲೌ ಅವರ ಹಾಳೆಗಳು. ಹೊಸಬರು ತುದಿಯ ಮೆಟ್ಟಿಲಿಗೇ ಕೈ ಹಾಕುತ್ತಾರೆ. ನಕಲಿ ಜಾಸ್ತಿ ಇರುವುದೂ ಅಲ್ಲೇ. ಬಳಸಿದ ಅಡ್ಮಿರಾಲ್ಟಿ ಚಾರ್ಟ್‌ನಿಂದ ಶುರು ಮಾಡಿ. ಕೈ ಪಳಗುತ್ತದೆ, ಕೈ ಸುಡುವುದಿಲ್ಲ.

## ಹಂತ 2: ಪುಕ್ಕಟೆ ಸಿಗುವುದನ್ನು ಮೊದಲು ನೋಡಿ

ಡೇವಿಡ್ ರಮ್ಸೆ ಸಂಗ್ರಹ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಓಲ್ಡ್ ಮ್ಯಾಪ್ಸ್ ಆನ್‌ಲೈನ್: ಈ ನಾಲ್ಕು ವೆಬ್‌ಸೈಟ್‌ಗಳ ಮೂಲಕ ಅಸಲಿ ಹಾಳೆಗಳ ದೊಡ್ಡ ಸ್ಕ್ಯಾನ್‌ಗಳು ಬಿಟ್ಟಿ ಸಿಗುತ್ತವೆ. ನಿಮ್ಮ ದಂಡೆಯ ಚಿತ್ರಗಳನ್ನು ಇಳಿಸಿಕೊಂಡು, ತಯಾರಕ, ವರ್ಷ, ಅಳತೆ ಬರೆದಿಡಿ. ನಾಳೆ ಯಾರಾದರೂ ಮಾರಲು ತಂದಾಗ ಹೋಲಿಸಲು ಇವೇ ಬೇಕು.

ಹುಡುಕುವಾಗ ಎಡವುವುದು ಹೆಸರುಗಳಲ್ಲಿ. ಹಳೇ ನಕ್ಷೆಯಲ್ಲಿ ಹೊನ್ನಾವರ 'ಒನೋರ್', ಭಟ್ಕಳ 'ಬಾಟಿಕಾಲಾ', ಬಸ್ರೂರು 'ಬಾರ್ಸೆಲೋರ್', ಬಾರ್ಕೂರು 'ಬಾಕನೋರ್'. ಕೊನೆಯ ಎರಡನ್ನು ಮಾರುವವರೇ ಅದಲು ಬದಲು ಮಾಡಿ ಬರೆದಿರುತ್ತಾರೆ. ಮುರುಡೇಶ್ವರದ ಎದುರಿನ ನೇತ್ರಾಣಿ ಇಂಗ್ಲಿಷ್ ಚಾರ್ಟ್‌ಗಳಲ್ಲಿ 'ಪಿಜನ್ ಐಲ್ಯಾಂಡ್'. ಕಾರವಾರದ ಅಂಜುದೀವ 'ಆಂಜೆದೀವಾ'. ಬರೀ 'ಕೆನರಾ' ಅಂತ ಹುಡುಕಿದರೆ ಅರ್ಧದಷ್ಟು ಕೈಗೆ ಸಿಗುವುದಿಲ್ಲ. ಯುರೋಪಿನವರು ಬಹಳ ಸಲ ಗೋವಾದಿಂದ ಕನ್ಯಾಕುಮಾರಿಯವರೆಗಿನ ದಂಡೆಗೆಲ್ಲ 'ಮಲಬಾರ್' ಅಂದುಬಿಟ್ಟಿದ್ದಾರೆ. ಎರಡೂ ಹೆಸರಲ್ಲಿ ಹುಡುಕಿ.

ನಮ್ಮ ಕಡೆಯವರು ಎಂಥ ನಕ್ಷೆ ಕೊಟ್ಟರೂ ಮೊದಲು ಬೆರಳಿಡುವುದು ದಂಡೆಯ ಒಳಗೆ, 'ಬಿಸ್ನಗರ್' ಅಥವಾ 'ನರಸಿಂಗ', ಅಂದರೆ ವಿಜಯನಗರ, ಎಲ್ಲಿದೆ ಅಂತ. ಹುಡುಕಿಕೊಳ್ಳಿ, ತಪ್ಪೇನಿಲ್ಲ. ಆದರೆ ಹಂಪಿ ಹಾಳಾಗಿ ನೂರು ವರ್ಷ ಕಳೆದರೂ ನಕ್ಷೆಗಾರರು ಹಳೇ ಹಾಳೆ ನೋಡಿ ಆ ಹೆಸರನ್ನು ಬರೆಯುತ್ತಲೇ ಇದ್ದರು. ಹೆಸರು ಇದೆ ಅಂದ ಮಾತ್ರಕ್ಕೆ ನಕ್ಷೆ 1565ಕ್ಕಿಂತ ಹಿಂದಿನದು ಅಂತ ತಿಳಿಯಬೇಡಿ.

## ಹಂತ 3: ವರ್ಷ ಓದುವುದನ್ನು ಕಲಿಯಿರಿ

ಅತಿ ಹೆಚ್ಚು ದುಡ್ಡು ಹೋಗುವುದು ಈ ಹಂತದಲ್ಲಿ. ನಿಧಾನವಾಗಿ ಓದಿ.

ಅಡ್ಮಿರಾಲ್ಟಿ ಚಾರ್ಟ್‌ನಲ್ಲಿ ಒಂದಲ್ಲ, ಮೂರು ಕಡೆ ವರ್ಷ ಇರುತ್ತದೆ. ಶೀರ್ಷಿಕೆಯ ಕೆಳಗೆ ಬರೆದದ್ದು ಸರ್ವೆ ಮಾಡಿದ ವರ್ಷ. ಕೆಳ ಅಂಚಿನ ನಡುವೆ, ಲಂಡನ್ ಎಂಬ ಹೆಸರಿನ ಜೊತೆ ಇರುವುದು ಮೊದಲ ಸಲ ಪ್ರಕಟವಾದ ದಿನಾಂಕ. ಅದೇ ಅಂಚಿನಲ್ಲಿ ಹೊಸ ಆವೃತ್ತಿ, ದೊಡ್ಡ ತಿದ್ದುಪಡಿಗಳ ದಿನಾಂಕಗಳು, ಎಡ ಮೂಲೆಯಲ್ಲಿ ಸಣ್ಣ ತಿದ್ದುಪಡಿಗಳ ವರ್ಷಗಳು ಸಾಲಾಗಿ ಇರುತ್ತವೆ. ಮಾರುವವನು ತೋರಿಸುವುದು ಮೊದಲನೆಯದನ್ನು. ನೀವು ನೋಡಬೇಕಾದ್ದು ಕೊನೆಯದನ್ನು. ಅಚ್ಚಾಗಿರುವ ತಿದ್ದುಪಡಿಗಳಲ್ಲಿ ಎಲ್ಲಕ್ಕಿಂತ ಈಚಿನದು 1923 ಅಂತಿದ್ದರೆ, ಆ ಹಾಳೆ 1923ಕ್ಕಿಂತ ಮುಂಚೆ ಅಚ್ಚಾಗಿರಲು ಸಾಧ್ಯವೇ ಇಲ್ಲ.

ಹೀಗೇಕೆ ಅಂದರೆ, ತಾಮ್ರದ ತಗಡನ್ನು ಒಮ್ಮೆ ಕೆತ್ತಿದರೆ ದಶಕಗಟ್ಟಲೆ ಬಳಸುತ್ತಿದ್ದರು. ಬಂಡೆಯೊಂದು ಹೊಸದಾಗಿ ಕಂಡರೆ, ದೀಪಸ್ತಂಭ ಎದ್ದರೆ, ತಗಡಿನ ಆ ಜಾಗವನ್ನು ಹಿಂದಿನಿಂದ ಬಡಿದು ಸಮ ಮಾಡಿ ಮತ್ತೆ ಕೆತ್ತುತ್ತಿದ್ದರು. ಶೀರ್ಷಿಕೆ ಹಾಗೇ ಉಳಿಯುತ್ತಿತ್ತು.

ಅಚ್ಚಾದ ತಿದ್ದುಪಡಿ ಬೇರೆ, ಕೈಯಲ್ಲಿ ಮಾಡಿದ್ದು ಬೇರೆ. ಎಡ ಮೂಲೆಯನ್ನು ಲೂಪ್ ಹಿಡಿದು ನೋಡಿ. ಅಚ್ಚಿನ ಅಂಕಿಗಳ ಮುಂದೆ ಶಾಯಿಯಲ್ಲಿ ಬರೆದ ಅಂಕಿಗಳು ಕಾಣಬಹುದು. ಅವು ಚಾರ್ಟ್ ಮಾರಿದ ಏಜೆಂಟನೋ, ಹಡಗಿನ ಅಧಿಕಾರಿಯೋ ಬರೆದದ್ದು. ಹಾಳೆ ಅಚ್ಚಾದ ಮೇಲೆ ಎಷ್ಟು ಕಾಲ ಬಳಕೆಯಲ್ಲಿತ್ತು ಅಂತ ಅದು ಹೇಳುತ್ತದೆ.

ಪ್ರಕಟಣೆಯ ಸಾಲಿನಲ್ಲಿ ಮುಖ್ಯ ಹೈಡ್ರೋಗ್ರಾಫರ್, ಅಂದರೆ ಚಾರ್ಟ್ ಇಲಾಖೆಯ ಮುಖ್ಯಸ್ಥನ ಹೆಸರೂ ಇರುತ್ತದೆ. ಬೋಫರ್ಟ್ ಇದ್ದರೆ 1829ರಿಂದ 1855, ವಾಷಿಂಗ್ಟನ್ ಇದ್ದರೆ 1855ರಿಂದ 1863, ವಾರ್ಟನ್ ಇದ್ದರೆ 1884ರಿಂದ 1904. ಇದೂ ಮೊದಲ ಪ್ರಕಟಣೆಯ ಕಾಲವನ್ನಷ್ಟೇ ಹೇಳುತ್ತದೆ. ಬೋಫರ್ಟ್ ಹೆಸರಿದೆ ಅಂತ ಕುಣಿಯಬೇಡಿ, ಎಡ ಮೂಲೆಗೆ ಹೋಗಿ.

ವರ್ಷವೇ ಇಲ್ಲದ ಹಾಳೆಗೆ ಒಳಗಿನ ಗುರುತು ಹುಡುಕಬೇಕು. ಕರಾವಳಿಗೆ ಕೆಲವು ಒಳ್ಳೇ ಗುರುತುಗಳಿವೆ. 1799ರಲ್ಲಿ ಕಂಪನಿ ಕೈಗೆ ಬಂದಾಗ 'ಕೆನರಾ' ಒಂದೇ ಜಿಲ್ಲೆ. 1860ರ ಹೊತ್ತಿಗೆ ಅದು ಉತ್ತರ, ದಕ್ಷಿಣ ಅಂತ ಎರಡಾಯಿತು. 1862ರಲ್ಲಿ ಉತ್ತರದ ಭಾಗ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು. ಹಾಗಾಗಿ ಎರಡು ಕೆನರಾ ತೋರಿಸುವ ನಕ್ಷೆ 1840ರದ್ದು ಅಂದರೆ ನಂಬಬೇಡಿ. ಕಾಪು ದೀಪಸ್ತಂಭ 1901ರದ್ದು, ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಹಾಳೆಯಲ್ಲಿ ಇವು ಕಂಡರೆ ಅದಕ್ಕಿಂತ ಹಳೆಯದಲ್ಲ. ಇಂಥ ಗುರುತು ಇಲ್ಲದಿದ್ದರೆ ಮಾತ್ರ ಹಳೆಯದೇ ಅಂತ ಅರ್ಥವಲ್ಲ, ನಕ್ಷೆಗಾರ ಹಿಂದುಳಿದಿರಬಹುದು.

ರೇಖಾಂಶವನ್ನೂ ನೋಡಿ. ಮಂಗಳೂರು ಇಂದಿನ ಲೆಕ್ಕದಲ್ಲಿ ಗ್ರೀನಿಚ್‌ನಿಂದ ಪೂರ್ವಕ್ಕೆ 75 ಡಿಗ್ರಿಗೆ ಸ್ವಲ್ಪ ಕಡಿಮೆ. ಅದು ಹಾಳೆಯಲ್ಲಿ 72½ರ ಹತ್ತಿರ ಬಿದ್ದರೆ ಲೆಕ್ಕ ಪ್ಯಾರಿಸ್‌ನಿಂದ, ಅಂದರೆ ಫ್ರೆಂಚ್ ಮೂಲ. 92½ರ ಹತ್ತಿರ ಬಿದ್ದರೆ ಅಟ್ಲಾಂಟಿಕ್‌ನ ಕ್ಯಾನರಿ ದ್ವೀಪಗಳಲ್ಲೊಂದಾದ ಫೆರೋದಿಂದ. ಗ್ರೀನಿಚ್ ಬಹುಪಾಲು ದೇಶಗಳ ಒಪ್ಪಿಗೆಯ ಸೊನ್ನೆಯಾದದ್ದು 1884ರ ಸಮ್ಮೇಳನದಲ್ಲಿ. ಹಳೆಯ ಹಾಳೆಗಳಲ್ಲಿ ಒಂದೆರಡು ಡಿಗ್ರಿ ಹೆಚ್ಚು ಕಡಿಮೆ ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಆಳದ ಅಂಕಿಗಳು ಇಂಗ್ಲಿಷ್ ಚಾರ್ಟ್‌ನಲ್ಲಿ ಫ್ಯಾದಮ್ ಲೆಕ್ಕದಲ್ಲಿರುತ್ತವೆ. ಒಂದು ಫ್ಯಾದಮ್ ಅಂದರೆ ಆರು ಅಡಿ. ಅಂಕಿಯ ಮೇಲೆ ಗೆರೆ, ಅದರ ಮೇಲೆ ಚುಕ್ಕೆ ಇದ್ದರೆ ಅಷ್ಟು ಹಗ್ಗ ಬಿಟ್ಟರೂ ತಳ ಸಿಕ್ಕಿಲ್ಲ ಅಂತ. ಅಂಕಿಯ ಪಕ್ಕದ ಸಣ್ಣ ಅಕ್ಷರ ತಳದಲ್ಲಿ ಕೆಸರೋ, ಮರಳೋ, ಬಂಡೆಯೋ ಹೇಳುತ್ತದೆ. ಬ್ರಿಟಿಷ್ ಚಾರ್ಟ್‌ಗಳು ಮೀಟರ್ ಲೆಕ್ಕಕ್ಕೆ ತಿರುಗಿದ್ದು 1960ರ ದಶಕದ ಕೊನೆಯಿಂದ. 'ಆಳ ಮೀಟರ್‌ಗಳಲ್ಲಿ' ಅಂತ ಅಚ್ಚಾಗಿರುವುದನ್ನು ಪುರಾತನ ಅಂತ ಮಾರಲು ಬಂದವರನ್ನು ನೋಡಿದ್ದೇನೆ.

## ಹಂತ 4: ಕಾಗದ, ಶಾಯಿ, ಬಣ್ಣ ಪರೀಕ್ಷಿಸಿ

ಈ ಕ್ರಮದಲ್ಲೇ ಮಾಡಿ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ಲೂಪ್. ಬಣ್ಣ ಹಚ್ಚಿದ ಜಾಗಕ್ಕೆ ಹಿಡಿಯಿರಿ. ಕೆಂಪು, ಹಳದಿ, ನೀಲಿ, ಕಪ್ಪು ಸಣ್ಣ ಚುಕ್ಕೆಗಳು ಹೂವಿನ ಹಾಗೆ ಜೋಡಿಸಿಕೊಂಡಿದ್ದರೆ ಅದು ಆಫ್‌ಸೆಟ್ ಮುದ್ರಣ. ಮಾತು ಮುಗಿಯಿತು, ವಾಪಸ್ ಕೊಡಿ. ಕೈಬಣ್ಣದಲ್ಲಿ ಚುಕ್ಕೆ ಇರುವುದಿಲ್ಲ. ಕುಂಚದ ಅಂಚು ಗಾಢವಾಗಿರುತ್ತದೆ, ಅಲ್ಲಲ್ಲಿ ಗೆರೆ ದಾಟಿರುತ್ತದೆ.

ಬೆರಳು ಮತ್ತು ಓರೆ ಬೆಳಕು. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಹಾಳೆಯ ಪಕ್ಕದಿಂದ, ಮೇಜಿಗೆ ತಾಗುವ ಹಾಗೆ ಬಿಡಿ. ತಾಮ್ರದ ಅಚ್ಚಿನ ನಕ್ಷೆಯಾದರೆ ಚೌಕಟ್ಟಿನ ಆಚೆ ಸುತ್ತಲೂ ತಗಡು ಒತ್ತಿದ ತಗ್ಗಿನ ಗೆರೆ ಕಾಣುತ್ತದೆ. ಶಾಯಿಯ ಗೆರೆ ಕಾಗದದಿಂದ ಕೂದಲೆಳೆಯಷ್ಟು ಎದ್ದಿರುತ್ತದೆ. ಲಿಥೋ, ಅಂದರೆ ಸಪಾಟು ಕಲ್ಲಿನಿಂದ ತೆಗೆಯುವ ಮುದ್ರಣದಲ್ಲಿ ಎರಡೂ ಇಲ್ಲ. ಲಿಥೋ ಹುಟ್ಟಿದ್ದು 1796ರ ಸುಮಾರಿಗೆ, ಹಾಗಾಗಿ 1750ರ ನಕ್ಷೆ ಸಪಾಟಾಗಿದ್ದರೆ ಅನುಮಾನಿಸಿ. 20ನೇ ಶತಮಾನದ ಚಾರ್ಟ್ ಸಪಾಟಾಗಿದ್ದರೆ ಪರವಾಗಿಲ್ಲ. ಒತ್ತಿದ ಗೆರೆಯನ್ನು ನಕಲು ಹಾಳೆಗೂ ಹಾಕುವವರಿದ್ದಾರೆ, ಅದೊಂದನ್ನೇ ನಂಬಬೇಡಿ.

ಹಿಂದಿನ ಬೆಳಕು. ಹಾಳೆಯನ್ನು ಕಿಟಕಿಗೆ ಹಿಡಿಯಿರಿ. 18ನೇ ಶತಮಾನದ ಕೊನೆಯವರೆಗಿನ ಕಾಗದದಲ್ಲಿ ಸಾಮಾನ್ಯವಾಗಿ ತಂತಿಯ ಜಾಲರಿಯ ಗೆರೆಗಳು ಕಾಣುತ್ತವೆ: ಒತ್ತೊತ್ತಾಗಿ ಸಣ್ಣವು, ಅವಕ್ಕೆ ಅಡ್ಡಲಾಗಿ ದೂರ ದೂರ ದಪ್ಪನವು. ಆಮೇಲಿನ ಕಾಗದ ಸಮವಾಗಿರುತ್ತದೆ. ಕಾಗದ ಮಾಡುವಾಗಲೇ ಮೂಡಿಸಿದ ನೀರ್ಗುರುತಿನಲ್ಲಿ (ವಾಟರ್‌ಮಾರ್ಕ್) ವಾಟ್ಮನ್ ಅಂತ ಇಂಗ್ಲಿಷ್ ಕಾಗದ ತಯಾರಕನ ಹೆಸರು, ಕೆಲವೊಮ್ಮೆ ವರ್ಷವೂ ಸಿಗಬಹುದು. ನೀರ್ಗುರುತಿನ ವರ್ಷಕ್ಕಿಂತ ಮುಂಚೆ ಆ ಹಾಳೆ ಅಚ್ಚಾಗಿರಲಾರದು.

ಯುವಿ ಟಾರ್ಚ್. ಸುಮಾರು 1950ರ ನಂತರದ ಕಾಗದಕ್ಕೆ ಬೆಳ್ಳಗೆ ಕಾಣಲೆಂದು ರಾಸಾಯನಿಕ ಸೇರಿಸುತ್ತಾರೆ. ಅದು ಯುವಿಯಲ್ಲಿ ನೀಲಿ ಬಿಳಿಯಾಗಿ ಹೊಳೆಯುತ್ತದೆ. ಹಳೇ ಚಿಂದಿ ಬಟ್ಟೆಯ ಕಾಗದ ಮಂಕಾಗಿರುತ್ತದೆ. ಹೊಳೆಯದ ಕಾಗದವೆಲ್ಲ ಹಳೆಯದಲ್ಲ, ಆದರೆ ಪೂರ್ತಿ ಹೊಳೆಯುವ '1720ರ ನಕ್ಷೆ' ಖಂಡಿತ ಸುಳ್ಳು.

ಬೆನ್ನು. ಹೊಸಬರು ಹಿಂಬದಿ ತಿರುಗಿಸುವುದೇ ಇಲ್ಲ. ಅಟ್ಲಾಸ್‌ನಿಂದ ಬಿಡಿಸಿದ ಹಾಳೆಗೆ ನಡುವೆ ಮಡಿಕೆ ಇರಬೇಕು, ಮಡಿಕೆಯ ಹಿಂದೆ ಪುಸ್ತಕಕ್ಕೆ ಅಂಟಿಸಿದ್ದ ಪಟ್ಟಿಯ ಗುರುತು ಇರಬೇಕು. ಆರ್ಟೀಲಿಯಸ್, ಬ್ಲೌ ಹಾಳೆಗಳ ಬೆನ್ನಲ್ಲಿ ಸಾಮಾನ್ಯವಾಗಿ ಲ್ಯಾಟಿನ್, ಡಚ್, ಫ್ರೆಂಚ್ ಇತ್ಯಾದಿ ಭಾಷೆಯ ಬರಹ ಅಚ್ಚಾಗಿರುತ್ತದೆ. ಹಳೇ ಹಸಿರು ಬಣ್ಣದಲ್ಲಿ ತಾಮ್ರ ಇತ್ತು. ಅದು ಕಾಲಕ್ರಮೇಣ ಕಾಗದವನ್ನು ತಿಂದು, ಬೆನ್ನಿಗೆ ಕಂದು ಗೆರೆಯಾಗಿ ಮೂಡುತ್ತದೆ. ಎದುರು ಹಸಿರು ಗಡಿ, ಬೆನ್ನಲ್ಲಿ ಅದೇ ಜಾಡಿನ ಕಂದು ಕಲೆ ಕಂಡರೆ ಬಣ್ಣ ಆ ಕಾಲದ್ದೇ ಇರಬಹುದು. ಆದರೆ ಅಲ್ಲಿ ಕಾಗದ ಒಡೆಯುವ ಹಂತದಲ್ಲೂ ಇರುತ್ತದೆ, ಬಾಗಿಸಬೇಡಿ.

ಚಹಾದಲ್ಲಿ ಅದ್ದಿ ಹಳತು ಮಾಡಿದ ಹಾಳೆ ಎಲ್ಲ ಕಡೆ ಒಂದೇ ಕಂದು, ಮಡಿಕೆಯ ಒಳಗೂ ಕಂದು. ನಿಜವಾದ ಹಳತು ಹಾಗಿರುವುದಿಲ್ಲ. ಗಾಳಿ ಬೆಳಕು ತಾಗಿದ ಅಂಚು ಕಂದು, ಒಳಗೆ ತಿಳಿ. ಅಂಚು ಸುಟ್ಟ ಹಾಗಿರುವ 'ಕಡಲ್ಗಳ್ಳರ ನಕ್ಷೆ'ಗಳ ಬಗ್ಗೆ ಹೇಳುವುದೇ ಬೇಡ.

ಬಳಸಿದ ಚಾರ್ಟ್‌ಗೆ ಮಾತ್ರ ನಿಯಮ ಸ್ವಲ್ಪ ಬೇರೆ. ಪೆನ್ಸಿಲ್‌ನಲ್ಲಿ ಎಳೆದ ಹಡಗಿನ ದಾರಿ, ಅಳಿಸಿದ ಗುರುತು, ಕಂಪಾಸ್ ಚುಚ್ಚಿದ ಸಣ್ಣ ತೂತು, ಕೆಂಪು ಶಾಯಿಯ ತಿದ್ದುಪಡಿ ಇವೆಲ್ಲ ಅದರ ಬದುಕು. ಅಳಿಸಿ ಚೊಕ್ಕ ಮಾಡಲು ಹೋಗಬೇಡಿ. ನೀಲಿ ಕಾಗದದ ಬೆನ್ನು ಇದ್ದರೆ ಅದು ಇಮ್ರೆ, ನೋರಿಯಂಥ ಖಾಸಗಿ ಕಂಪನಿಗಳು ವ್ಯಾಪಾರಿ ಹಡಗುಗಳಿಗೆ ಮಾಡುತ್ತಿದ್ದ 'ಬ್ಲೂಬ್ಯಾಕ್' ಆಗಿರಬಹುದು. ಆ ನೀಲಿ ಬೆನ್ನನ್ನು ಕಿತ್ತು 'ಸರಿ ಮಾಡಿಸಿದ' ಉದಾಹರಣೆಯೂ ಉಂಟು!

## ಹಂತ 5: ಈಗ ಕೊಳ್ಳಿ

ಹಡಗು ಒಡೆಯುವ ಗುಜರಾತಿನ ಅಲಂಗ್ ಸುತ್ತಲಿನ ಅಂಗಡಿಗಳಲ್ಲಿ ಹಡಗಿನ ಸಾಮಾನಿನ ಜೊತೆ ಬಳಸಿದ ಚಾರ್ಟ್‌ಗಳೂ ಬರುತ್ತವೆ. ಮುಂಬೈನ ಚೋರ್ ಬಜಾರ್, ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳು ಅದೃಷ್ಟದ ಜಾಗಗಳು. 18ನೇ ಶತಮಾನದ ಹಾಳೆಗೆ ಬಹುಮಟ್ಟಿಗೆ ವಿದೇಶದ ನಕ್ಷೆ ವ್ಯಾಪಾರಿಗಳೇ ಗತಿ.

ದುಡ್ಡು ಕಳಿಸುವ ಮೊದಲು ಇವು ಕೈಗೆ ಬರಬೇಕು: ಹಾಳೆಯ ಪೂರ್ತಿ ಎದುರು, ಪೂರ್ತಿ ಬೆನ್ನು, ನಾಲ್ಕು ಮೂಲೆ, ಕೆಳ ಅಂಚಿನ ಬರಹ, ಓರೆ ಬೆಳಕಿನ ಒಂದು ಫೋಟೋ. ಅಳತೆ ಮಿಲಿಮೀಟರ್‌ನಲ್ಲಿ, ಚೌಕಟ್ಟಿನಿಂದ ಚೌಕಟ್ಟಿಗೆ. ಅದನ್ನು ಎರಡನೇ ಹಂತದಲ್ಲಿ ಬರೆದಿಟ್ಟ ಅಳತೆಯ ಜೊತೆ ಹೋಲಿಸಿ. ಹಳೇ ಕಾಗದ ಕುಗ್ಗಿ ಹಿಗ್ಗಿ ಕೆಲವು ಮಿಲಿಮೀಟರ್ ಹೆಚ್ಚು ಕಡಿಮೆಯಾಗುತ್ತದೆ. ಸೆಂಟಿಮೀಟರ್‌ಗಟ್ಟಲೆ ವ್ಯತ್ಯಾಸ ಬಂದರೆ ನಕಲು, ಅಥವಾ ಬೇರೆ ಆವೃತ್ತಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: 'ಈ ಹಾಳೆ ಯಾವ ವರ್ಷ ಅಚ್ಚಾದದ್ದು ಅಂತ ಬಿಲ್ಲಿನಲ್ಲಿ ಬರೆದುಕೊಡುತ್ತೀರಾ?' ಒಳ್ಳೇ ವ್ಯಾಪಾರಿ ಹೂಂ ಅನ್ನುತ್ತಾನೆ. ಉಳಿದವರು ಮಾತು ಬದಲಿಸುತ್ತಾರೆ.

ಹಿಂದೆ ಸರಿಯಬೇಕಾದ ಲಕ್ಷಣಗಳು ಹಲವು. ಬೆನ್ನು ತೋರಿಸಲು ಒಪ್ಪದಿದ್ದರೆ, ಕಟ್ಟು ಹಾಕಿದ್ದನ್ನು ಬಿಚ್ಚಲು ಬಿಡದಿದ್ದರೆ, ಒಂದೇ ನಕ್ಷೆಯ ಹಲವು ಪ್ರತಿ ಒಬ್ಬನ ಬಳಿಯೇ ಇದ್ದರೆ ಬೇಡ. ಗ್ರಂಥಾಲಯದ ಮೊಹರು ಇದ್ದರೆ, ಅಥವಾ ಮೊಹರು ಕೆರೆದ ಜಾಗ ಇದ್ದರೆ, ಒಂದಂಚು ಬ್ಲೇಡಿನಲ್ಲಿ ಕುಯ್ದಷ್ಟು ನೇರವಾಗಿದ್ದರೆ ಇನ್ನೂ ಹುಷಾರು. 2005ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕಿಬಿದ್ದ ನಕ್ಷೆ ವ್ಯಾಪಾರಿಯೊಬ್ಬ 97 ನಕ್ಷೆ ಕದ್ದದ್ದನ್ನು ಒಪ್ಪಿಕೊಂಡ. ಅವನ ಗುಟ್ಟು ಬಯಲಾದದ್ದು ನೆಲಕ್ಕೆ ಬಿದ್ದ ಒಂದು ಬ್ಲೇಡಿನಿಂದ. ಕೊಂಡದ್ದು ಕದ್ದ ಮಾಲು ಅಂತಾದರೆ ನಕ್ಷೆಯೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

## ಹಂತ 6: ಕಾನೂನು ಮತ್ತು ಸಾಗಣೆ

1972ರ ಪ್ರಾಚೀನ ವಸ್ತುಗಳ ಕಾಯ್ದೆಯಲ್ಲಿ ಸಾಮಾನ್ಯ ವಸ್ತುಗಳಿಗೆ 100 ವರ್ಷ, ಐತಿಹಾಸಿಕ ಅಥವಾ ವೈಜ್ಞಾನಿಕ ಮಹತ್ವದ ದಾಖಲೆಗಳಿಗೆ 75 ವರ್ಷದ ಗಡಿ ಇದೆ. ಇವನ್ನು ಮಾರುವ ವ್ಯವಹಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ವಿದೇಶದಿಂದ ತರಿಸಿದ್ದು ಇಷ್ಟವಾಗಲಿಲ್ಲ ಅಂತ ವಾಪಸ್ ಕಳಿಸಲು ಹೊರಟರೂ ಇದೇ ತೊಡಕು ಎದುರಾಗಬಹುದು. 'ತಗೊಂಡು ನೋಡೋಣ, ಬೇಡ ಅಂದ್ರೆ ಕಳಿಸಿದರಾಯ್ತು' ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಲ್ಲು, ಕಸ್ಟಮ್ಸ್ ಕಾಗದ ಎಲ್ಲ ನಕ್ಷೆಯಷ್ಟೇ ಜೋಪಾನವಾಗಿಡಿ. ಪೊಟ್ಟಣದ ಮೇಲೆ ಪೋಸ್ಟರ್, ಗಿಫ್ಟ್ ಅಂತ ಬರೆಸಬೇಡಿ. ಹಳೇ ಮುದ್ರಿತ ನಕ್ಷೆ ಅಂತ ವರ್ಷದ ಸಮೇತ ಬರೆಸಿ.

ಸ್ವಾತಂತ್ರ್ಯದ ನಂತರದ ಸರ್ವೇ ಆಫ್ ಇಂಡಿಯಾ ಕರಾವಳಿ ಹಾಳೆಗಳ ಮೇಲೆ 'ರಿಸ್ಟ್ರಿಕ್ಟೆಡ್' ಎಂಬ ಮುದ್ರೆ ಕಂಡರೆ ಕೈ ಹಾಕಬೇಡಿ. ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಕ್ಕರೂ ಬೇಡ.

ಸಾಗಣೆಗೆ ಅಗಲವಾದ, ಗಟ್ಟಿ ಕೊಳವೆ ಕೇಳಿ, ಒಳ ಅಗಲ 10 ಸೆಂ.ಮೀ.ಗಿಂತ ಕಡಿಮೆ ಇರಬಾರದು. ಸಣ್ಣ ನಕ್ಷೆಯಾದರೆ ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಬರಲಿ. ಮಡಚಿ ಕಳಿಸಬೇಡಿ ಅಂತ ಬರವಣಿಗೆಯಲ್ಲಿ ಹೇಳಿ.

## ಹಂತ 7: ಬಂದ ಕೂಡಲೇ ಬಿಚ್ಚಬೇಡಿ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಸುರುಳಿಯಾಗಿದ್ದ ಹಳೇ ಕಾಗದವನ್ನು ಆ ಹೊತ್ತಿನಲ್ಲಿ ಎಳೆದು ಬಿಚ್ಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಕೊಳವೆಯನ್ನು ಒಂದು ದಿನ ಮನೆಯೊಳಗೆ ಹಾಗೇ ಇಡಿ. ಮರುದಿನ ಬೆಳಗಿನ ಜಾವ ತೆಗೆಯಿರಿ. ಬೇಸಗೆಯಲ್ಲಿ ಬಂದದ್ದು ತೀರಾ ಬಿಗಿಯಾಗಿದ್ದರೆ ಮಳೆ ಹಿಡಿಯುವವರೆಗೆ ಕಾದರೂ ನಷ್ಟವಿಲ್ಲ.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಒಂದಂಚಿಗೆ ಗೋಲಿ ಚೀಲ ಇಟ್ಟು, ಒಂದೊಂದೇ ಗೇಣು ಬಿಚ್ಚುತ್ತಾ ಚೀಲ ಸೇರಿಸುತ್ತಾ ಹೋಗಿ. ತಡೆದರೆ ನಿಲ್ಲಿಸಿ. ಹಿಂದಕ್ಕೆ ಸುತ್ತಿ ಚಪ್ಪಟೆ ಮಾಡುವುದು, ಇಸ್ತ್ರಿ ಪೆಟ್ಟಿಗೆ ಆಡಿಸುವುದು, ನೀರು ಚಿಮುಕಿಸುವುದು ಮೂರೂ ಬೇಡ.

ಸ್ಕ್ಯಾನ್ ಮಾಡಿಸಲು ಪ್ಲಾನ್ ಜೆರಾಕ್ಸ್ ಮಾಡುವ ಅಂಗಡಿಗೆ ಒಯ್ಯುವವರಿದ್ದಾರೆ. ಗಣಿ ಕಚೇರಿಯ ನಕ್ಷೆಗೆ ಆ ಮಷಿನ್ ಸರಿ. ಅದು ಹಾಳೆಯನ್ನು ರೋಲರ್ ನಡುವೆ ಎಳೆಯುತ್ತದೆ, ಹಳೇ ಮಡಿಕೆ ಅಲ್ಲೇ ಸೀಳುತ್ತದೆ. ಮೇಲಿನಿಂದ ಕ್ಯಾಮೆರಾದಲ್ಲಿ ಫೋಟೋ ತೆಗೆಯಿರಿ.

## ಹಂತ 8: ಇಡುವುದು, ಕಟ್ಟು ಹಾಕಿಸುವುದು

ನಮ್ಮ ಊರಲ್ಲಿ ನಕ್ಷೆಯ ದೊಡ್ಡ ಶತ್ರು ಕೂಲರ್. ಒಣಗಾಳಿಯ ಕೋಣೆಗೆ ಅದು ರಾತ್ರಿಯೆಲ್ಲ ನೀರಿನ ಪಸೆ ತುಂಬುತ್ತದೆ, ಬೆಳಗ್ಗೆ ನಿಲ್ಲಿಸಿದ ಕೂಡಲೇ ಕೋಣೆ ಮತ್ತೆ ಒಣಗುತ್ತದೆ. ದಿನಾ ಹೀಗೆ ಹಿಗ್ಗಿ ಕುಗ್ಗಿ ಕಾಗದ ಅಲೆಯೇಳುತ್ತದೆ, ಅಂಟು ಬಿಡುತ್ತದೆ, ಬೂಸ್ಟು ಹಿಡಿಯುತ್ತದೆ. ಕೂಲರ್ ಇಲ್ಲದ ಒಳಕೋಣೆ ಆರಿಸಿ. ತೇವಾಂಶ ತೋರಿಸುವ ಸಣ್ಣ ಮೀಟರ್ ಇಟ್ಟು ಶೇ. 40ರಿಂದ 55ರ ನಡುವೆ ಇದೆಯಾ ನೋಡುತ್ತಿರಿ. ಸ್ವಲ್ಪ ಆಚೀಚೆ ಆದರೂ ಸರಿ, ದಿನದಿಂದ ದಿನಕ್ಕೆ ಏರುಪೇರು ಆಗಬಾರದು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಾಲುವೆ ಬಯಲಿನ ಮನೆಗಳಲ್ಲಿ ಬಳ್ಳಾರಿ ಪೇಟೆಗಿಂತ ಪಸೆ ಜಾಸ್ತಿ. ಅಲ್ಲಿ ಹೊರಗೋಡೆಗೆ ತಾಗಿಸಿ ಏನನ್ನೂ ಇಡಬೇಡಿ.

ಚಪ್ಪಟೆಯಾಗಿ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಪ್ಲೈವುಡ್ ಡ್ರಾಯರ್‌ಗಿಂತ ಸ್ಟೀಲಿನದು ಮೇಲು, ಪ್ಲೈವುಡ್‌ನ ಅಂಟಿನಿಂದ ಆಮ್ಲದ ಹೊಗೆ ಬರುತ್ತಿರುತ್ತದೆ. ಪ್ರತಿ ಹಾಳೆಗೂ ಆಮ್ಲವಿಲ್ಲದ ಕಾಗದದ ಫೋಲ್ಡರ್, ಅಥವಾ ಪಾಲಿಯೆಸ್ಟರ್ ಹಾಳೆಯ ಲಕೋಟೆ. ಬಾಂಡ್ ಕಾಗದ ಕೊಡುವ ಅಂಗಡಿಯ ಪಿವಿಸಿ ಕವರ್ ಬೇಡ. ಗೆದ್ದಲು, ಕಾಗದದ ಗಂಜಿ ನೆಕ್ಕುವ ಬೆಳ್ಳಿ ಹುಳ ಬರದಂತೆ ತಿಂಗಳಿಗೊಮ್ಮೆ ಡ್ರಾಯರ್ ತೆರೆದು ನೋಡಿ. ನುಸಿಗುಳಿಗೆ, ಬೇವಿನ ಸೊಪ್ಪು ಹಾಳೆಗೆ ತಾಗಬಾರದು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರಿನ ಧೂಳು ಬಿದ್ದರೆ ಬಟ್ಟೆಯಿಂದ ಉಜ್ಜಬೇಡಿ, ಉಜ್ಜಿದಷ್ಟೂ ಒಳಗೆ ಇಳಿಯುತ್ತದೆ. ಮೆತ್ತನೆಯ ಅಗಲ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ತಳ್ಳಿ.

ಕಟ್ಟು ಹಾಕಿಸುವುದಾದರೆ ಅಂಗಡಿಯಲ್ಲೇ ಕೂತು ಮಾಡಿಸಿ. ದೇವರ ಫೋಟೋಗೆ ಹಾಕುವ ರೀತಿಯೇ ಅವರಿಗೆ ರೂಢಿ. 'ಫೆವಿಕಾಲ್ ಹಚ್ಚಿ ಹಲಗಿಗೆ ಅಂಟಿಸಿಬಿಡ್ತೀನ್ರೀ ಸರ, ಒಂದ್ ಸುಕ್ಕೂ ಇರಂಗಿಲ್ಲ' ಅನ್ನುತ್ತಾರೆ. ಅವರು ಹೇಳುವುದು ನಿಜ, ಸುಕ್ಕು ಇರುವುದಿಲ್ಲ. ಆದರೆ ನಕ್ಷೆಯನ್ನು ಮತ್ತೆ ಬಿಡಿಸಲು ಆಗುವುದಿಲ್ಲ, ಅದರ ಬೆಲೆಯೂ ಅಲ್ಲಿಗೆ ಮುಗಿಯಿತು. ನೀವು ಹೇಳಬೇಕಾದ್ದು ಹೀಗೆ: 'ಅಣ್ಣಾ, ಅಂಟು ಬೇಡ, ಟೇಪು ಬೇಡ, ಅಂಚು ಕತ್ತರಿಸಬೇಡ. ಆಮ್ಲವಿಲ್ಲದ ಮೌಂಟ್ ಬೋರ್ಡ್ ನಾನೇ ಕೊಡ್ತೀನಿ, ನಾಲ್ಕು ಮೂಲೆಗೆ ಕಾಗದದ ಜೇಬು ಮಾಡಿ ಕೂಡಿಸು. ಗಾಜು ನಕ್ಷೆಗೆ ತಾಗಬಾರದು.' ಮೌಂಟ್ ಬೋರ್ಡನ್ನು ಬೆಂಗಳೂರಿನಿಂದ ಅಥವಾ ಆನ್‌ಲೈನ್‌ನಲ್ಲಿ ತರಿಸಿಕೊಂಡು ಹೋಗುವುದು ವಾಸಿ. ಗೋಡೆಗೆ ಹಾಕಿದ ಮೇಲೂ ಬಿಸಿಲು ಬೀಳದ ಜಾಗ ಇರಲಿ, ಕೆಲವು ತಿಂಗಳಿಗೊಮ್ಮೆ ಇಳಿಸಿ ಡ್ರಾಯರ್‌ಗೆ ಸೇರಿಸಿ.

ಲ್ಯಾಮಿನೇಶನ್ ಬಗ್ಗೆ ಒಂದೇ ಮಾತು: ಬೇಡ.

## ಹಂತ 9: ದಾಖಲೆ ಮತ್ತು ರಿಪೇರಿ

ಪ್ರತಿ ಹಾಳೆಗೂ ಒಂದು ಪುಟ. ಶೀರ್ಷಿಕೆ, ತಯಾರಕ, ಊರು, ಮೂರೂ ವರ್ಷ, ಮುದ್ರಣದ ಬಗೆ, ಅಳತೆ, ಬಣ್ಣ, ಇರುವ ಹರಕು ಕಲೆಗಳು, ಯಾರಿಂದ ಎಷ್ಟಕ್ಕೆ ಕೊಂಡದ್ದು. ಜೊತೆಗೆ ಎದುರು ಬೆನ್ನಿನ ಫೋಟೋ. ಹಾಳೆಯ ಮೇಲೆ ನಂಬರ್ ಬರೆಯುವುದಾದರೆ ಬೆನ್ನಿನ ಮೂಲೆಯಲ್ಲಿ, ಪೆನ್ಸಿಲ್‌ನಲ್ಲಿ, ಒತ್ತದೆ. ಫೋಟೋಗಳ ಒಂದು ಪ್ರತಿ ಬೇರೆ ಮನೆಯಲ್ಲಿರಲಿ.

ನಕ್ಷೆಯ ಹಿನ್ನೆಲೆ ಹುಡುಕಲು ಹೊರಟರೆ ಕಡತಗಳು ಒಂದೇ ಊರಲ್ಲಿ ಸಿಗುವುದಿಲ್ಲ. ದಕ್ಷಿಣ ಕೆನರಾ ಕೂಡ ನಮ್ಮ ಬಳ್ಳಾರಿಯ ಹಾಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಮೊದಲು ಚೆನ್ನೈನ ಪತ್ರಾಗಾರ ನೋಡಿ. ಉತ್ತರ ಕೆನರಾಕ್ಕೆ 1862ರ ನಂತರದ್ದು ಮುಂಬೈ.

ಸಣ್ಣ ಹರಕಿಗೆ ಸೆಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷದಲ್ಲಿ ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಹರಿದ ತುಂಡನ್ನು ಅದೇ ಫೋಲ್ಡರ್‌ನಲ್ಲಿ ಸುಮ್ನೆ ಇಟ್ಟುಬಿಡಿ. ಬೂಸ್ಟು ಹರಡುತ್ತಿದ್ದರೆ, ಹಸಿರು ಬಣ್ಣದ ಜಾಡು ಒಡೆಯುತ್ತಿದ್ದರೆ, ಹಿಂದೆ ಯಾರೋ ಬಟ್ಟೆಗೆ ಅಂಟಿಸಿದ್ದು ಎದ್ದು ಬರುತ್ತಿದ್ದರೆ ಸಂರಕ್ಷಣೆ ಕಲಿತವರ ಕೈಗೇ ಕೊಡಿ. ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ಯಾರಿಗೆ ಕೊಟ್ಟರೂ ಏನು ಮಾಡುತ್ತಾರೆ, ಯಾವ ಅಂಟು ಬಳಸುತ್ತಾರೆ, ಎಷ್ಟಾಗುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. ಜಪಾನೀ ಕಾಗದ ಮತ್ತು ಗೋಧಿ ಗಂಜಿ ಅಂದರೆ ಸರಿ, ಬೇಕೆಂದಾಗ ನೀರಿನಿಂದ ಬಿಡಿಸಬಹುದು. ಬ್ಲೀಚ್ ಮಾಡಿ ಬೆಳ್ಳಗೆ ಮಾಡಿಕೊಡುತ್ತೇವೆ ಅಂದರೆ ಹಾಳೆ ವಾಪಸ್ ತನ್ನಿ.